ಫಾಲ್-ಪಿಕೋ ನೀಲಕ್ಕನ ಸಂವಿಧಾನ

ನೀಲಕ್ಕ ಅಮೆರಿಕದ ಸಂವಿಧಾನದ ವಿಷಯ ತೆಗೆಯುತ್ತಿದ್ದದ್ದು ನಾವು ಎರಡೂ ಕೈ ಮೇಲೆತ್ತಿ ನಿಂತಿರುವಾಗ. ಬ್ಲೌಸಿನ ಅಳತೆಗೆಂದು ಹೋದವರು ಕನ್ನಡಿಯ ಮುಂದೆ ಹಾಗೆ ನಿಲ್ಲಲೇಬೇಕು. ಅವರು ಟೇಪನ್ನು ಬೆನ್ನ ಹಿಂದಿನಿಂದ ತಂದು, ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಿದ್ದರು: "ಪೊಲೀಸ ಬಂದು ನಿನ್ನ ಕಾರಿನ ಡಿಕ್ಕಿ ತಗಿ ಅಂದ್ರ ಏನಂತಿ?" ಮೊದಲ ಸಲ ನಾನು, ತೆಗೀತೀನಿ ಬಿಡಿ, ಅಕ್ಕಿ ಮೂಟೆ ಬಿಟ್ಟು ಅದರಲ್ಲಿ ಇನ್ನೇನಿರುತ್ತೆ ಅಂದೆ. ಟೇಪು ಗಕ್ಕನೆ ಬಿಗಿಯಾಯಿತು. "ಅಕ್ಕಿ ಐತೋ ಬ್ಯಾಳಿ ಐತೋ ಅದಲ್ಲ ಮಾತು. ನನ್ನ ಒಪ್ಪಿಗಿ ಇಲ್ರಿ ಸರ್, ಅಂತ ಮರ್ಯಾದಿಲೆ ಹೇಳೂದು ಕಲಿ. ನಾಲ್ಕನೇ ತಿದ್ದುಪಡಿ." ಕೈಯೆತ್ತಿಕೊಂಡು ನಿಂತವಳು ವಾದ ಮಾಡುವುದಾದರೂ ಹೇಗೆ? ಸರಿ ಅಕ್ಕ ಎಂದೆ. ಟೇಪು ಸಡಿಲವಾಯಿತು.

ಟೆಕ್ಸಸ್ ರಾಜ್ಯದ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿ, ಇಂಡಿಯನ್ ಗ್ರೋಸರಿ ಅಂಗಡಿಗಳ ಸಾಲಿನ ಕೊನೆಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ, ಎರಡು ಮಷೀನು, ಒಂದು ಪರದೆ. ಗಾಜಿನ ಮೇಲೆ ಇಂಗ್ಲಿಷಿನಲ್ಲಿ ಅಲ್ಟರೇಷನ್ಸ್ ಎಂದೂ, ಅದರ ಕೆಳಗೆ ಕನ್ನಡದಲ್ಲಿ ದಪ್ಪಗೆ 'ಫಾಲ್, ಪಿಕೋ' ಎಂದೂ ಬರೆದಿತ್ತು. ಡಲ್ಲಾಸಿನ ಸುತ್ತಮುತ್ತಲಿನವರಷ್ಟೇ ಅಲ್ಲ, ಅತ್ತ ಆಸ್ಟಿನ್ ಕಡೆಯ ಫ್ಲೂಗರ್‌ವಿಲ್‌ನಿಂದಲೂ ಹೆಂಗಸರು ವರ್ಷಕ್ಕೊಮ್ಮೆ ಬ್ಲೌಸ್ ಪೀಸಿನ ಗಂಟು ಹೊತ್ತು ತರುತ್ತಿದ್ದರು. ನೀಲಕ್ಕ ಗದಗಿನವರು. ಹ್ಯೂಸ್ಟನ್ನಿನಲ್ಲಿದ್ದ ಅಣ್ಣ ಅರ್ಜಿ ಹಾಕಿ, ಅದು ಹತ್ತಾರು ವರ್ಷ ಕೊಳೆತು, ಕೊನೆಗೆ ಗ್ರೀನ್ ಕಾರ್ಡ್ ಕೈಗೆ ಬಂದಾಗ ಅವರಿಗೆ ಐವತ್ತು. ಗಂಡ, ಮಗಳ ಜೊತೆ ಬಂದವರು ಮೂರೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡರು. ಮಗಳು ವೀಣಾ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಹೊಲಿಗೆಯಲ್ಲೇ ಮನೆಯೂ ನಡೆಯುತ್ತಿತ್ತು, ಓದೂ ನಡೆಯುತ್ತಿತ್ತು.

ನಾನು ಮೈಸೂರಿನವಳು. ಗಂಡ ಸುರೇಶನ ವೀಸಾಕ್ಕೆ ಅಂಟಿಕೊಂಡು ಬಂದಿದ್ದೆ. ಕೆಲಸ ಮಾಡುವ ಹಾಗಿರಲಿಲ್ಲ. ಮೊದಲ ದಿನ ಆಂಟಿ ಎಂದು ಕರೆದದ್ದಕ್ಕೆ ಬೈಸಿಕೊಂಡೆ. ಆಂಟಿ ಗೀಂಟಿ ಬ್ಯಾಡ, ಅಕ್ಕ ಅನ್ನು ಎಂದರು. ಎರಡನೆಯ ದಿನ, ನಾವೆಲ್ಲ ಇಲ್ಲಿ ಬಂದು ಬಿದ್ದವರು, ನಮಗ್ಯಾವ ಹಕ್ಕು ಎಂದು ಏನೋ ಮಾತಿಗೆ ಅಂದುಬಿಟ್ಟೆ. ನೀಲಕ್ಕ ಕತ್ತರಿ ಕೆಳಗಿಟ್ಟು, ದಾರದ ಉಂಡೆಗಳ ಡಬ್ಬಿಯಿಂದ ಅಂಗೈಯಗಲದ ಒಂದು ಪುಸ್ತಕ ತೆಗೆದರು. ಲೈಬ್ರರಿಯಲ್ಲಿ ಪುಕ್ಕಟೆ ಕೊಟ್ಟ ಸಂವಿಧಾನದ ಪ್ರತಿ. ಪುಟಪುಟಕ್ಕೂ ಅಂಚಿನಲ್ಲಿ ಪೆನ್ಸಿಲಿನ ಕನ್ನಡ. ಹದಿನಾಲ್ಕನೇ ತಿದ್ದುಪಡಿ ತೆರೆದು ಒಂದು ಸಾಲಿನ ಕೆಳಗೆ ಬೆರಳಿಟ್ಟರು. "ಓದು. ಸಿಟಿಜನ್ನಿಗೆ ಅಷ್ಟ ಅಂದಾರೇನಿಲ್ಲಿ? ಯಾವ ಪರ್ಸನ್ನಿಗೂ ಅನ್ಯಾಯ ಆಗಬಾರದು ಅಂತ ಐತಿ. ನೀ ಪರ್ಸನ್ ಹೌದೋ ಅಲ್ಲೋ?" ಹೌದು ಎಂದೆ. ಗಟ್ಟಿಯಾಗಿ ಹೇಳು ಎಂದರು. ಆ ಅಂಗಡಿಯ ನಡುವೆ ನಿಂತು, ನಾನು ಪರ್ಸನ್ ಎಂದು ಗಟ್ಟಿಯಾಗಿ ಹೇಳಿದೆ. ಪರದೆಯ ಹಿಂದೆ ಬಟ್ಟೆ ಬದಲಿಸುತ್ತಿದ್ದ ಯಾರೋ ಕಿಸಕ್ಕೆಂದರು. ಆದರೆ ಕೆಲಸವಿಲ್ಲದೆ ಮನೆಯಲ್ಲಿ ಕೂತು ಕೂತು ತುಕ್ಕು ಹಿಡಿದಿದ್ದ ನನಗೆ ಅವತ್ತು ಎದೆ ಸ್ವಲ್ಪ ಅಗಲವಾದದ್ದು ನಿಜ.

ಅವರ ಪ್ರಕಾರ ಸಂವಿಧಾನ ಬರೆದವರು ಒಳ್ಳೆಯ ದರ್ಜಿಗಳು. ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡುತ್ತೇವಲ್ಲ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲಿಕ್ಕೆ, ಹಾಗೆ ಇವರೂ ತಿದ್ದುಪಡಿಗೆ ಜಾಗ ಬಿಟ್ಟು ಹೊಲಿದಿದ್ದಾರೆ ಎನ್ನುತ್ತಿದ್ದರು. ಗುಲಾಮರನ್ನು ಇಟ್ಟುಕೊಂಡವರೇ ಬರೆದದ್ದಲ್ಲವೇ ಅಕ್ಕ ಎಂದು ನಾನು ಚುಚ್ಚಿದರೆ, ಹೌದು, ಅವರ ಅಳತೆ ತಪ್ಪಿತ್ತು, ಮುಂದಿನವರು ಬಿಚ್ಚಿ ಸರಿ ಮಾಡಬೇಕಾಯಿತು, ಇನ್ನೂ ಬಿಚ್ಚಬೇಕಾದದ್ದು ಬಹಳ ಇದೆ ಎಂದು ಮಷೀನು ತುಳಿಯುತ್ತಲೇ ಹೇಳುತ್ತಿದ್ದರು. ನಮ್ಮ ಸಂವಿಧಾನವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಒಂದೇ ದಿನದಲ್ಲಿ ಎಲ್ಲರಿಗೂ ವೋಟು ಕೊಟ್ಟದ್ದು ನಾವು, ಇವರು ಹೆಂಗಸರಿಗೆ ಕೊಡಲು ಎಷ್ಟು ವರ್ಷ ತೆಗೆದುಕೊಂಡರು ಎಂದು ಬಿಳಿಯ ಗಿರಾಕಿಗಳಿಗೂ ತಮ್ಮ ಗದಗಿನ ಇಂಗ್ಲಿಷಿನಲ್ಲಿ ಹೇಳಿ ಕಳಿಸುತ್ತಿದ್ದರು. ಅವರು ನಕ್ಕು ತಲೆಯಾಡಿಸಿ ಪ್ಯಾಂಟು ತೆಗೆದುಕೊಂಡು ಹೋಗುತ್ತಿದ್ದರು.

ಇಷ್ಟೆಲ್ಲ ಹೇಳುತ್ತಿದ್ದ ನೀಲಕ್ಕನಿಗೆ ಈ ದೇಶದಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ವೋಟು. ಅದು ಅವರಿಗೆ ಇಲ್ಲ, ಸಿಗುವುದೂ ಅನುಮಾನ ಎಂಬುದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ಅದಕ್ಕೆ ಮೊದಲು ನಮ್ಮ ತೋರಣದ ಪ್ರಸಂಗ ಹೇಳಬೇಕು. ನಾವು ಮನೆ ಕೊಂಡ ಹೊಸತು. ಬಾಗಿಲಿಗೆ ಅಮ್ಮ ಕಳಿಸಿದ್ದ ಜರಿಯ ತೋರಣ ಕಟ್ಟಿದ್ದೆ. ನಮ್ಮ ಬಡಾವಣೆಯ ಮನೆಮಾಲೀಕರ ಸಂಘದಿಂದ ಕಾಗದ ಬಂತು, ಮುಂಬಾಗಿಲಿನ ಅಲಂಕಾರ ನಿಯಮಕ್ಕೆ ವಿರುದ್ಧ, ಹತ್ತು ದಿನದಲ್ಲಿ ತೆಗೆಯಿರಿ ಎಂದು. ಸುರೇಶನ ಸ್ವಭಾವವೇ ವಿಚಿತ್ರ. ಆಫೀಸಿನಲ್ಲಿ ಹುಲಿ, ಸರ್ಕಾರಿ ಮುದ್ರೆಯ ಹಾಗಿರುವ ಯಾವ ಕಾಗದ ಬಂದರೂ ಬೆಕ್ಕು. ಕಾಗದ ಓದಿ ಮುಗಿಸುವ ಮೊದಲೇ ಸ್ಟೂಲು ಹತ್ತಿ ತೋರಣ ಬಿಚ್ಚಿದ. ನಮಗ್ಯಾಕೆ ಬೇಕು ಇಲ್ಲದ ಉಸಾಬರಿ, ನಾಳೆ ಗ್ರೀನ್ ಕಾರ್ಡಿಗೆ ತೊಂದರೆಯಾದರೆ ಎಂದ. ತೋರಣಕ್ಕೂ ಗ್ರೀನ್ ಕಾರ್ಡಿಗೂ ಎಲ್ಲಿಯ ಸಂಬಂಧವೋ!

ನಾನು ತೋರಣ, ಕಾಗದ ಎರಡನ್ನೂ ಹಿಡಿದು ನೀಲಕ್ಕನ ಹತ್ತಿರ ಹೋದೆ. ಅವರು ಕಾಗದವನ್ನು ಎರಡು ಸಲ ಓದಿದರು, ಹಿಂದಿನ ಸಣ್ಣಕ್ಷರವನ್ನೂ ಬಿಡದೆ. ಮಾರನೆಯ ದಿನ ಲೈಬ್ರರಿಯಿಂದ ಟೆಕ್ಸಸ್ ಕಾನೂನಿನ ಒಂದು ಹಾಳೆ ಪ್ರಿಂಟ್ ಮಾಡಿಸಿ ತಂದಿದ್ದರು. ಮುಂಬಾಗಿಲಿಗೆ ತಮ್ಮ ಧರ್ಮದ ವಸ್ತು ಹಾಕುವುದನ್ನು ಇಂಥ ಸಂಘಗಳು ತಡೆಯುವ ಹಾಗಿಲ್ಲ; ಆದರೆ ಎಲ್ಲ ಸೇರಿ ಇಪ್ಪತ್ತೈದು ಚದರ ಇಂಚು ದಾಟಬಾರದು. ನನ್ನ ತೋರಣ ಬಾಗಿಲಿನಷ್ಟೇ ಉದ್ದ. ಅಯ್ಯೋ, ಹೋಯಿತಲ್ಲ ಅಂದೆ. ನೀಲಕ್ಕನ ಮುಖದಲ್ಲಿ ಮಾತ್ರ ಖುಷಿ. "ಹೋಗೂದ್ಯಾಕ? ಅವರು ಅಳತಿ ಕೊಟ್ಟಾರ. ಹೊಲಿಯಾವ್ರು ನಾವ ಅಲ್ಲೇನು?"

ಸಂಜೆಯೊಳಗೆ ಹೊಸ ತೋರಣ ತಯಾರಾಯಿತು. ಹತ್ತಿಂಚು ಉದ್ದ, ಎರಡೂಕಾಲು ಇಂಚು ಇಳಿ, ಹಸಿರು ರೇಷ್ಮೆಯ ಒಂಬತ್ತು ಪುಟಾಣಿ ಮಾವಿನೆಲೆ, ನಡುವೆ ಎರಡು ಮಣಿ. ಲೆಕ್ಕ ಹಾಕಿದರೆ ಇನ್ನೂ ಎರಡೂವರೆ ಚದರ ಇಂಚು ಉಳಿಯಿತು. ಅಷ್ಟನ್ನು ಸಂಘದವರಿಗೇ ಬಿಟ್ಟಿದ್ದೇನೆ ಎಂದರು. ಸುರೇಶನ ಕೈಯಲ್ಲೇ ಕಾಗದಕ್ಕೆ ಉತ್ತರ ಬರೆಸಿದರು, ಕಾನೂನಿನ ಹಾಳೆ ಲಗತ್ತಿಸಿ, ಅಳತೆ ಸಮೇತ. ಅವನು ಸಹಿ ಹಾಕುವಾಗ ಓದಿ ಹಾಕು ಎಂದು ಗದರಿದರು. ಸಂಘದಿಂದ ಮರು ಉತ್ತರ ಬರಲಿಲ್ಲ. ಆ ದೀಪಾವಳಿಗೆ ನಮ್ಮ ಬಡಾವಣೆಯ ಏಳು ಮನೆಗಳ ಬಾಗಿಲಲ್ಲಿ ಅದೇ ಅಳತೆಯ ತೋರಣ ಇತ್ತು. ಪಕ್ಕದ ಬೀದಿಯ ಮೆಕ್ಸಿಕನ್ ಹೆಂಗಸೊಬ್ಬಳು ಮೇರಿಮಾತೆಯ ಚಿತ್ರಕ್ಕೆ ಅದೇ ಅಳತೆಯಲ್ಲಿ ಬಟ್ಟೆಯ ಅಂಚು ಕಟ್ಟಿಸಿಕೊಂಡು ಹೋದಳು. ನನಗೋ, ಬಾಗಿಲು ತೆರೆದಾಗಲೆಲ್ಲ ಒಂದು ಮೊಕದ್ದಮೆ ಗೆದ್ದಷ್ಟು ಹೆಮ್ಮೆ.

ಆ ವರ್ಷ ಪ್ರೆಸಿಡೆಂಟ್ ಚುನಾವಣೆ. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನ, ನೀವು ಯಾರಿಗೆ ಹಾಕ್ತೀರಿ ಅಕ್ಕ ಎಂದು ಕೇಳಿದೆ. ಮಷೀನು ನಿಂತಿತು. ಅವರು ಎದ್ದು ಹೋಗಿ ಬಾಗಿಲಿನ ಬೋರ್ಡು ತಿರುಗಿಸಿ, ಒಳಗಿನ ಟ್ರಂಕಿನಿಂದ ಒಂದು ಲಕೋಟೆ ತಂದು ನನ್ನ ಮುಂದಿಟ್ಟರು. ಒಳಗೆ ಒಂದು ಕಾರ್ಡು, ಮೇಲೆ ಅರಿಶಿನ ಕುಂಕುಮದ ಹಳೆಯ ಕಲೆ. ನೀಲಕ್ಕನ ಹೆಸರಿನ ವೋಟರ್ ಕಾರ್ಡು.

ನಡೆದದ್ದು ಇಷ್ಟು. ಇಲ್ಲಿಗೆ ಬಂದ ಮೊದಲ ವರ್ಷ ಅವರು ಡ್ರೈವಿಂಗ್ ಲೈಸೆನ್ಸಿಗೆ ಹೋಗಿದ್ದರು. ವೋಟರ್ ಪಟ್ಟಿಗೂ ಹೆಸರು ಸೇರಿಸುವುದಾದರೆ ಈ ಅರ್ಜಿ ಎಂದು ಕೌಂಟರಿನವರು ಒಂದು ಹಾಳೆ ತೋರಿಸಿದರು. "ಊರಾಗ ವೋಟರ್ ಕಾರ್ಡ್ ಅಂದ್ರ ಗ್ಯಾಸಿಗೆ ಬೇಕು, ಫೋನಿಗೆ ಬೇಕು, ಬ್ಯಾಂಕಿಗೆ ಬೇಕು. ಹೊಸಾ ದೇಶದಾಗ ಒಂದು ಕಾರ್ಡ್ ಕೊಡ್ತೀವಿ ಅಂದ್ರ ಯಾರರ ಬ್ಯಾಡ ಅಂತಾರೇನು ತಂಗಿ? ಎಲ್ಲಾ ಕಡೆ ಹೌದು ಅಂತ ಗುರುತು ಹಾಕಿ ಸಹಿ ಹೊಡದೆ. ಓದಲಿಲ್ಲ. ನೀ ಸಿಟಿಜನ್ ಹೌದೇನು ಅಂತ ಕೇಳಿದ್ರಂತ ಅದರಾಗ." ಕಾರ್ಡು ಅಂಚೆಯಲ್ಲಿ ಬಂತು. ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡಿದರು. ವೋಟು ಮಾತ್ರ ಯಾವತ್ತೂ ಹಾಕಿರಲಿಲ್ಲ. ಐದು ವರ್ಷ ತುಂಬಿ ಸಿಟಿಜನ್‌ಶಿಪ್ ಅರ್ಜಿ ಕೈಗೆತ್ತಿಕೊಂಡಾಗ ಅದರಲ್ಲಿ ಪ್ರಶ್ನೆ ಇತ್ತು: ನೀವು ಎಂದಾದರೂ ಸಿಟಿಜನ್ ಎಂದು ಹೇಳಿಕೊಂಡಿದ್ದೀರಾ? ಎಂದಾದರೂ ವೋಟರ್ ಪಟ್ಟಿಗೆ ಹೆಸರು ಸೇರಿಸಿದ್ದೀರಾ? ಅದರ ಶಿಕ್ಷೆ ಏನೆಂದು ಹುಡುಕಿದರು. ವೋಟು ಯಾವತ್ತೂ ಸಿಗದೆ ಹೋಗಬಹುದು, ದೇಶದಿಂದಲೇ ಹೊರಗೆ ಹಾಕಬಹುದು ಎಂದು ತಿಳಿಯಿತು. ಅರ್ಜಿ ಟ್ರಂಕು ಸೇರಿತು.

"ನನ್ನನ್ನ ಏನ್ ಮಾಡ್ತಾರ ಅಂತ ಹುಡಕಾಕ ಹೋಗಿ ಇದೆಲ್ಲಾ ಓದಿದೆ," ಎಂದು ಆ ಸಣ್ಣ ಪುಸ್ತಕ ತೋರಿಸಿದರು. ಪ್ರತಿಯೊಬ್ಬರನ್ನೂ ಓದಿ ಸಹಿ ಹಾಕು ಎಂದು ಗದರಿಸುತ್ತಿದ್ದ ಹೆಂಗಸು ಅಲ್ಲಿಂದೀಚೆಗೆ ಐದು ವರ್ಷದಿಂದ ಒಬ್ಬರೇ ಕೂತು ಹೆದರುತ್ತಿದ್ದರು.

ಬಾಯಿ ಬಿಟ್ಟ ಮೇಲೆ ಸಲಹೆಗಳಿಗೆ ಬರವೇ? ಹ್ಯೂಸ್ಟನ್ನಿನ ಅಣ್ಣ ಫೋನಿನಲ್ಲಿ, ಕಾರ್ಡು ಹರಿದು ಒಗೆದು ಇಲ್ಲ ಅಂತ ಬರಿ, ಯಾರು ನೋಡ್ತಾರ ಎಂದರು. ಸುರೇಶನೂ ಅದನ್ನೇ ಹೇಳಿದ. ಫಾರ್ಮರ್ಸ್ ಬ್ರಾಂಚ್‌ನಲ್ಲಿ, ಫ್ರೀವೇ ಪಕ್ಕದ ಕಟ್ಟಡವೊಂದರಲ್ಲಿದ್ದ ವಕೀಲೆಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಳ್ಳೆಯ ಹೆಂಗಸು, ಮುಚ್ಚುಮರೆಯಿಲ್ಲದೆ ಹೇಳಿದಳು. ಸುಳ್ಳು ಬರೆಯಿರಿ ಎಂದು ನಾನು ಹೇಳಲಾರೆ. ಆದರೆ ಅರ್ಜಿಯನ್ನೇ ಹಾಕಬೇಡಿ. ಗ್ರೀನ್ ಕಾರ್ಡ್ ಇದೆ, ಅಂಗಡಿ ಇದೆ, ಮಗಳಿದ್ದಾಳೆ. ಸುಮ್ಮನಿದ್ದರೆ ಯಾರೂ ಕೇಳುವುದಿಲ್ಲ. ಅರ್ಜಿ ಹಾಕಿದರೆ ನೀವೇ ಹೋಗಿ ಬಾಗಿಲು ಬಡಿದಂತೆ.

ಎಂಟು ದಿನ ನೀಲಕ್ಕ ಯಾರಿಗೂ ಸಂವಿಧಾನ ಹೇಳಲಿಲ್ಲ. ಗಿರಾಕಿಗಳು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರು. ಒಂಬತ್ತನೆಯ ದಿನ ನನಗೆ ಫೋನು. ಆ ಕಾರ್ಡನ್ನು ಲಕೋಟೆಗೆ ಹಾಕಿ, ತಪ್ಪಾಗಿದೆ, ನನ್ನ ಹೆಸರು ತೆಗೆಯಿರಿ ಎಂದು ಬರೆದು ಕೌಂಟಿಯ ಚುನಾವಣಾ ಕಚೇರಿಗೆ ಕಳಿಸಿ ಬಂದಿದ್ದರು. ಸಿಟಿಜನ್‌ಶಿಪ್ ಅರ್ಜಿಯನ್ನೂ ಹಾಕುತ್ತೇನೆ, ಆ ಎರಡು ಪ್ರಶ್ನೆಗೂ ಹೌದು ಎಂದೇ ಬರೆಯುತ್ತೇನೆ ಎಂದರು. ನಾನು ಸಿಟ್ಟಿನಿಂದ ಕೂಗಾಡಿದೆ. ನಿಮಗೆ ತಲೆ ಕೆಟ್ಟಿದೆಯಾ, ವೀಣಾನ ಗತಿ ಏನು, ಆ ಕಾಗದದ ತುಂಡಿಗೋಸ್ಕರ ಇರುವುದನ್ನೂ ಕಳಕೊಳ್ತೀರಾ ಎಂದೆ. ನನ್ನ ಕೂಗಾಟ ಮುಗಿದ ಮೇಲೆ ಅವರು ಹೇಳಿದರು: "ಸುಳ್ಳ ಹೇಳಿ ತಗೊಂಡ್ರ ಅದು ವೋಟಲ್ಲ. ಹೆದರಿ ಕುಂತ್ರ ನಾ ನಿನಗ ಹೇಳಿದ್ದೆಲ್ಲಾ ಬರೇ ಮಾತು. ನನಗ ಖರೇ ವೋಟು ಬೇಕು ತಂಗಿ."

ಸಿಟಿಜನ್‌ಶಿಪ್ ಸಂದರ್ಶನಕ್ಕೆ ನಾನೇ ಡ್ರೈವ್ ಮಾಡಿದೆ. ಇಳಕಲ್ ಸೀರೆ ಉಟ್ಟು, ಕಾಗದಗಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಒಳಗೆ ಹೋದರು. ಮುಕ್ಕಾಲು ಗಂಟೆ ನಾನು ಹೊರಗಿನ ಕುರ್ಚಿಯಲ್ಲಿ ಕೂತು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಹೊರಗೆ ಬಂದಾಗ ಮುಖ ಬಿಳಿಚಿತ್ತು. ಆಗಲಿಲ್ಲ ಎಂದರು. ಅಧಿಕಾರಿಣಿ ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದರಂತೆ. ಅರ್ಜಿ ಮಂಜೂರಾಗುವುದಿಲ್ಲ, ಪಟ್ಟಿಯಿಂದ ಹೆಸರು ತೆಗೆದ ದಿನದಿಂದ ಐದು ವರ್ಷ ಕಳೆದ ಮೇಲೆ ಮತ್ತೆ ಹಾಕಬಹುದು. ಅಷ್ಟರೊಳಗೆ ಹೊರಗೆ ಹಾಕುವ ಕೇಸು ನಡೆಸುತ್ತಾರೋ ಇಲ್ಲವೋ ಕಾಗದ ಬಂದರೆ ಗೊತ್ತಾಗುತ್ತದೆ. ಕಾರಿನಲ್ಲಿ ನಾನು ಅತ್ತೆ. ಅವರು ಅಳಲಿಲ್ಲ. ಹೇಳಿ ಬಂದೆ, ಇನ್ನು ನಿದ್ದಿ ಬರ್ತೈತಿ ಎಂದರು. ವಾಪಸ್ ಬರುವ ದಾರಿಯಲ್ಲಿ ಹೋಟೆಲಿಗೆ ಕರೆದೊಯ್ದು ನನಗೇ ದೋಸೆ ಕೊಡಿಸಿದರು.

ಕೇಸಿನ ಕಾಗದ ಬರಲಿಲ್ಲ. ಆದರೆ ಒಂದು ವರ್ಷದ ತನಕ ಅಂಚೆಯವನ ವ್ಯಾನು ನಿಂತರೆ ಅವರ ಕೈಯ ಕತ್ತರಿಯೂ ನಿಲ್ಲುತ್ತಿತ್ತು.

ಕಾಯುವ ಐದು ವರ್ಷದಲ್ಲಿ ಅವರ ಬಾಯಿ ಮತ್ತೆ ಜೋರಾಯಿತು. ಊರಿನ ಕೌನ್ಸಿಲ್ಲಿನಿಂದ ಸುಪ್ರೀಂ ಕೋರ್ಟಿನ ತನಕ ಎಲ್ಲದಕ್ಕೂ ಅವರ ಹತ್ತಿರ ಅಭಿಪ್ರಾಯವಿತ್ತು. ಟೆಕ್ಸಸ್‌ನಲ್ಲಿ ಸೊಂಟದ ಪಿಸ್ತೂಲು ಕಾಣುವ ಹಾಗೆ ಓಡಾಡಬಹುದು ಎಂಬ ಕಾನೂನು ಬಂದ ಹೊಸತರಲ್ಲಿ ಒಬ್ಬ ಭಾರೀ ಆಳು, ಪಿಸ್ತೂಲು ಸಿಕ್ಕಿಸಿಕೊಂಡೇ ಪ್ಯಾಂಟು ಸಡಿಲ ಮಾಡಿಸಲು ಬಂದ. ನಾನು ಪರದೆಯ ಹಿಂದೆ ಅವಿತೆ. ನೀಲಕ್ಕ ಟೇಪು ಹಿಡಿದು ಅವನ ಮುಂದೆ ನಿಂತು ಶಾಂತವಾಗಿ ಇಂಗ್ಲಿಷಿನಲ್ಲಿ ಕೇಳಿದರು, ಸರ್, ಅಳತೆ ಗನ್ ಸೇರಿಸಿ ತೆಗೆದುಕೊಳ್ಳಲೋ ಬಿಟ್ಟು ತೆಗೆದುಕೊಳ್ಳಲೋ? ಅವನು ಒಂದು ಕ್ಷಣ ಯೋಚಿಸಿ, ಸೇರಿಸಿಯೇ ಮೇಡಂ ಎಂದ. ಅವನು ಹೋದ ಮೇಲೆ ನಾನು ಬೈದೆ. ಅವರಿಗೂ ಗನ್ನು ಸೇರುತ್ತಿರಲಿಲ್ಲ. ಆದರೆ ಬರೆದದ್ದು ಬರೆದದ್ದೇ, ಬೇಡವೆಂದರೆ ಬದಲಾಯಿಸಲಿಕ್ಕೂ ದಾರಿ ಬರೆದಿದ್ದಾರೆ, ಆ ದಾರಿಗೆ ವೋಟು ಬೇಕು ಎಂದರು. ಎಲ್ಲ ಮಾತೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಒಮ್ಮೆ ಫ್ಲೂಗರ್‌ವಿಲ್‌ಗೆ ಮದುವೆಯ ಬ್ಲೌಸುಗಳನ್ನು ಕೊಡಲು ನನ್ನನ್ನೂ ಕರೆದುಕೊಂಡು ಹೋದವರು ಆಸ್ಟಿನ್‌ನ ಶಾಸನಸಭೆಯ ಕಟ್ಟಡ ನೋಡಿ ಬರೋಣ ಎಂದರು. ಬಾಗಿಲಲ್ಲಿ ನಿಂತಿದ್ದ ಕಾವಲಿನವನನ್ನು, ಯಾರು ಬೇಕಾದರೂ ಒಳಗೆ ಹೋಗಬಹುದೇ ಎಂದು ನಾನು ಕೇಳಿದೆ. ಬನ್ನಿ ಮೇಡಂ, ಇದು ನಿಮ್ಮದೇ ಎಂದ. ನೀಲಕ್ಕ ಗುಮ್ಮಟದ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತರು. ವಾಪಸ್ ಬರುವಾಗ ಹೇಳಿದರು, ಇನ್ನೂ ನನ್ನದಾಗಿಲ್ಲಪ್ಪ ಅಂತ ಅವಗ ಹೇಳಬೇಕಂತ ಬಾಯಿ ತನಕ ಬಂದಿತ್ತು ಎಂದು.

ಯುಗಾದಿ ಊಟದ ಸಾಲಿನಲ್ಲಿ ಅಂಕಲ್ ಒಬ್ಬರು, ಎಲ್ಲರಿಗೂ ಹಕ್ಕಿನ ಪಾಠ ಹೇಳ್ತೀರಿ, ನಿಮಗೇ ವೋಟಿಲ್ಲವಂತಲ್ಲ ಎಂದು ನಗೆಯಾಡಿದರು. ಸುತ್ತಲೂ ನಾಲ್ಕು ಜನ ನಕ್ಕರು. ನೀಲಕ್ಕ ತಟ್ಟೆ ಹಿಡಿದುಕೊಂಡೇ, ತಮ್ಮ ತಪ್ಪನ್ನು ಮೊದಲಿನಿಂದ ಕೊನೆಯ ತನಕ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಲೈಸೆನ್ಸಿಗೆ ಹೋದಾಗ ನೀವು ಓದಿ ಸಹಿ ಮಾಡ್ರಿ ಎಂದು ಮುಗಿಸಿದರು. ಮಾರನೆಯ ವಾರ ಆ ಸಾಲಿನಲ್ಲಿದ್ದ ಒಬ್ಬಾಕೆ ತನ್ನ ಅತ್ತೆಯನ್ನು ಕರೆದುಕೊಂಡು ಅಂಗಡಿಗೆ ಬಂದಳು. ಅತ್ತೆಯ ಪರ್ಸಿನಲ್ಲಿ ಅದೇ ಅರ್ಜಿ, ಸಹಿಯೊಂದು ಬಾಕಿ. ನೀಲಕ್ಕ ಅದನ್ನು ಅಲ್ಲೇ ನಾಲ್ಕು ತುಂಡು ಮಾಡಿದರು.

ಮುಂದಿನ ಪ್ರೆಸಿಡೆಂಟ್ ಚುನಾವಣೆಯಲ್ಲಿ ಸಿಟಿಜನ್ ಆಗಿದ್ದ ಮುದುಕಿಯರನ್ನೆಲ್ಲ ತಮ್ಮ ಹಳೆಯ ಕಾರಿನಲ್ಲಿ ಲೈಬ್ರರಿಯ ಮತಗಟ್ಟೆಗೆ ಸಾಗಿಸಿದರು. ಯಾರಿಗೆ ಹಾಕಿ ಎಂದು ಯಾರಿಗೂ ಹೇಳಲಿಲ್ಲ. ತಾವು ಕಾರಿನಿಂದ ಇಳಿಯುತ್ತಲೂ ಇರಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು, ಸಾಲಿನಲ್ಲಿ ನಿಂತವರನ್ನು ನೋಡುತ್ತ ಕೂತಿರುತ್ತಿದ್ದರು.

ಐದು ವರ್ಷ ತುಂಬಿದ ವಾರವೇ ಮತ್ತೆ ಅರ್ಜಿ ಹಾಕಿದರು. ಅದೇ ಪ್ರಶ್ನೆಗಳು, ಅವೇ ಉತ್ತರಗಳು. ಈ ಸಲದ ಅಧಿಕಾರಿ ಹಳೆಯ ಕಡತ ಓದಿ, ಇದನ್ನು ನೀವೇ ಬಂದು ಹೇಳಿದಿರಾ ಎಂದು ಕೇಳಿದನಂತೆ. ಮತ್ತೆ ಯಾರು ಹೇಳಬೇಕಿತ್ತು ಎಂದರಂತೆ ನೀಲಕ್ಕ. ಪಾಸಾದರು.

ಪ್ರಮಾಣ ವಚನದ ದಿನ ದೊಡ್ಡ ಸಭಾಂಗಣದಲ್ಲಿ ನೂರಾರು ಜನ. ವೀಣಾ, ನಾನು, ಸುರೇಶ ಹಿಂದೆ ಕೂತಿದ್ದೆವು. ಮುಗಿದ ಮೇಲೆ ಸ್ವಯಂಸೇವಕಿಯೊಬ್ಬಳು ವೋಟರ್ ನೋಂದಣಿಯ ಅರ್ಜಿ ಹಂಚಿದಳು. ಜನ ಗೀಚಿ ಕೊಟ್ಟು ಫೋಟೋ ತೆಗೆಸಿಕೊಳ್ಳಲು ಓಡಿದರು. ನೀಲಕ್ಕ ಕನ್ನಡಕ ಹಾಕಿಕೊಂಡು ಮೊದಲ ಅಕ್ಷರದಿಂದ ಓದಲು ಕೂತರು. ಸಭಾಂಗಣ ಖಾಲಿಯಾಯಿತು, ಕುರ್ಚಿ ಮಡಿಸುವವರು ಬಂದರು, ಆ ಹುಡುಗಿ ಪಾಪ ಕಾಯುತ್ತ ನಿಂತಳು. ಸಿಟಿಜನ್ ಹೌದೇ ಎಂಬ ಪ್ರಶ್ನೆ ಬಂದಾಗ ನಮ್ಮ ಕಡೆ ತಿರುಗಿ ನೋಡಿದರು. ಆಮೇಲೆ ಗುರುತು ಹಾಕಿದರು. ಸುರೇಶನ ಕಣ್ಣಲ್ಲಿ ನೀರು. ಕಾಗದ ಕಂಡರೆ ನಡುಗುವ ಸುರೇಶನ ಕಣ್ಣಲ್ಲಿ!

ಇಷ್ಟಾದ ಮೇಲೆ ಕಾಯಿಲೆ ಹೊರಬಿತ್ತು. ಹೊಟ್ಟೆನೋವು ಎಂದು ಎಷ್ಟೋ ದಿನದಿಂದ ಶುಂಠಿ ಕಷಾಯ ಕುಡಿಯುತ್ತಿದ್ದರಂತೆ. ನೋಡಿಸಿದಾಗ ಕ್ಯಾನ್ಸರ್ ಮುಂದುವರಿದಿತ್ತು. ವೀಣಾಗೆ ಹ್ಯೂಸ್ಟನ್ನಿನಲ್ಲಿ ಕೆಲಸ. ಅಂಗಡಿ ಮುಚ್ಚಿ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಹೊಸ ಊರಿಗೆ ಹೋದ ಕೂಡಲೇ ನೀಲಕ್ಕ ಔಷಧಿಗಿಂತ ಮೊದಲು ವೋಟರ್ ವಿಳಾಸ ಬದಲಿಸಿದರು, ಅಂಚೆಯಲ್ಲಿ ವೋಟು ಹಾಕಲು ಅರ್ಜಿ ಕೊಟ್ಟರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಅಕ್ಟೋಬರಿನಲ್ಲಿ. ಮಂಚದ ತಲೆದೆಸೆಯ ದಿಂಬಿಗೆ ಒರಗಿ ಕೂತಿದ್ದರು. ತೋಳು ನನ್ನ ಮಣಿಕಟ್ಟಿನಷ್ಟಾಗಿತ್ತು. ಬ್ಯಾಲೆಟ್ ಬಂದು ಮೂರು ದಿನವಾಗಿತ್ತು. ಆ ವರ್ಷ ಪ್ರೆಸಿಡೆಂಟೂ ಇಲ್ಲ, ಗವರ್ನರೂ ಇಲ್ಲ. ಟೆಕ್ಸಸ್ ಸಂವಿಧಾನಕ್ಕೆ ಕೆಲವು ತಿದ್ದುಪಡಿ, ಅಷ್ಟೆ. ಹೆಚ್ಚಿನವರು ಮತಗಟ್ಟೆಯ ಕಡೆ ತಲೆ ಹಾಕಿಯೂ ಮಲಗದ ಚುನಾವಣೆ. ಪ್ರತಿ ತಿದ್ದುಪಡಿಯ ಬಗ್ಗೆಯೂ ವೀಣಾಳಿಂದ ಪ್ರಿಂಟ್ ತರಿಸಿಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆದುಕೊಂಡು ಮೂರು ದಿನ ಓದಿದ್ದರು. ಕೈ ನಡುಗುತ್ತಿತ್ತು. ಐ ವಿಲ್ ಮಾರ್ಕ್ ಇಟ್ ಫಾರ್ ಯು ಅಮ್ಮ, ಜಸ್ಟ್ ಟೆಲ್ ಮಿ ಎಂದಳು ವೀಣಾ. ಬ್ಯಾಡ ಎಂದರು. ನಾನು ಪೆನ್ನಾದರೂ ಹಿಡಿದುಕೊಳ್ಳಲಾ ಎಂದೆ.

"ಇಬ್ರೂ ಹೊರಗ ನಡೀರಿ. ಬಾಗಲಾ ಹಾಕ್ರಿ. ಇದು ಗುಪ್ತ ಮತದಾನ."

ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹಜಾರದಲ್ಲಿ ನಾನು ಒಂದು ಗೋಡೆಗೆ, ವೀಣಾ ಇನ್ನೊಂದು ಗೋಡೆಗೆ ಒರಗಿ ನಿಂತೆವು. ಒಂಬತ್ತು ವರ್ಷ ಕಿವಿ ತುಂಬ ಅಭಿಪ್ರಾಯ ಸುರಿದ ಹೆಂಗಸು ಒಳಗೆ ಒಂದು ಮಾತೂ ಆಡಲಿಲ್ಲ. ಹಾಳೆ ತಿರುಗಿಸಿದ ಸದ್ದು, ಒಮ್ಮೆ ಕೆಮ್ಮು, ಮತ್ತೆ ಹಾಳೆ. ಮಧ್ಯೆ ಪೆನ್ನು ಕೆಳಗೆ ಬಿದ್ದದ್ದು ಕೇಳಿಸಿತು. ವೀಣಾ ಬಾಗಿಲ ಹಿಡಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ. ಒಳಗೆ ಮಂಚ ಕಿರುಗುಟ್ಟಿತು, ಉಸಿರು ಭಾರವಾಯಿತು, ಆಮೇಲೆ ಪೆನ್ನು ಮತ್ತೆ ಕಾಗದದ ಮೇಲೆ ಓಡಿತು. ಅರ್ಧ ಗಂಟೆಯಾದ ಮೇಲೆ ಬರ್ರಿ ಎಂದರು.

ಲಕೋಟೆ ಅಂಟಿಸಿ, ಮುಚ್ಚಳದ ಮೇಲೆ ಅಡ್ಡಲಾಗಿ ಪೂರ್ತಿ ಹೆಸರಿನ ಸಹಿ ಹಾಕಿದ್ದರು. ಕೊಡಿ, ನಾನು ಹೋಗುವಾಗ ಪೋಸ್ಟ್ ಮಾಡ್ತೀನಿ ಎಂದು ಕೈ ಚಾಚಿದೆ. ಲಕೋಟೆಯನ್ನು ಎದೆಗೆ ಎಳೆದುಕೊಂಡರು. ಮನೆಯವರಲ್ಲದವರು ಇನ್ನೊಬ್ಬರ ವೋಟು ಹಿಡಿದುಕೊಂಡು ತಿರುಗುವ ಹಾಗಿಲ್ಲವಂತೆ, ಕಾನೂನು. ನನಗೆ ನಗುವೂ ಬಂತು, ಅಳುವೂ ಬಂತು. ವೀಣಾ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅಂಚೆಪೆಟ್ಟಿಗೆಯ ತನಕ ತಳ್ಳಿದಳು. ಅಲ್ಲಿಯ ತನಕ ಲಕೋಟೆ ಅವರ ಮಡಿಲಲ್ಲೇ ಇತ್ತು. ತಾವೇ ಕೈ ಎತ್ತಿ ಒಳಗೆ ಹಾಕಿದರು. ಹಾಕಿ, ಅಂಗೈ ಅಲ್ಲೇ ಇಟ್ಟುಕೊಂಡು ಕೂತರು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯ ಹೊತ್ತಿಗೆ ನೀಲಕ್ಕ ಹೋಗಿಬಿಟ್ಟರು. ಡಲ್ಲಾಸ್‌ನಲ್ಲಿ ನಾವೆಲ್ಲ ಸೇರಿ ಒಂದು ಸಭೆ ಮಾಡಿದೆವು. ಅವರು ಹೊಲಿದ ಬ್ಲೌಸು ತೊಟ್ಟೇ ಹೆಂಗಸರೆಲ್ಲ ಬಂದಿದ್ದರು. ಮಾತಾಡಲು ಎದ್ದವರೊಬ್ಬರು, ಪಾಪ, ಅಷ್ಟು ಆಸೆಪಟ್ಟರು, ಇನ್ನೊಂದು ವರ್ಷ ಇದ್ದಿದ್ದರೆ ಒಂದು ವೋಟು ಹಾಕಿ ಹೋಗುತ್ತಿದ್ದರು ಎಂದರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ನಾನು ಎದ್ದು ನಿಂತೆ.

"ಹಾಕಿದ್ದಾರೆ. ಬಾಗಿಲ ಹೊರಗೆ ನಾನು ನಿಂತಿದ್ದೆ," ಎಂದೆ.

ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಅಂದರಂತೆ ಎಂದು ಹಿಂದಿನಿಂದ ಯಾರೋ ಕೇಳಿದರು. ವೀಣಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮಗೆ ಗೊತ್ತಿರಲಿಲ್ಲ.